ಬೆರಳು ಮರೆತ ಬೀಗ

ಕಿರಿಯ ಸೊಸೆಗೆ ಅತ್ತೆ ಬರೆಯುವುದೇನೆಂದರೆ,

ಕೂಗಿದರೆ ಮುಂದಿನ ನಮ್ಮ ಅಂಗಡಿಯ ಗಿರಾಕಿಗಳಿಗೆಲ್ಲ ಕೇಳುತ್ತದೆ. ಅದಕ್ಕೇ ಈ ಚೀಟಿಯನ್ನು ಉಗ್ರಾಣದ ಬಾಗಿಲ ಸಂದಿಯಿಂದ ತಳ್ಳುತ್ತಿದ್ದೇನೆ. ನಾನು ಒಳಗಿದ್ದೇನೆ. ನೀನು ತಯಾರಿಸಿ ಕೂರಿಸಿದ ಬೆರಳಚ್ಚಿನ ಬೀಗ ನನ್ನ ಬೆರಳನ್ನೇ ಗುರುತಿಸುತ್ತಿಲ್ಲ. ಮನೆಯ ಯಜಮಾನಿಗೇ "ನೀವ್ಯಾರು?" ಅನ್ನುವ ಹಾಗೆ ಕೆಂಪು ದೀಪ ಮಿನುಗಿಸುತ್ತದೆ.

ಬೆಳಗಿನ ಜಗಳದ ಮೇಲೆ, ಬೀಗದೊಳಗಿನ ಬೆರಳಚ್ಚುಗಳ ಪಟ್ಟಿಯಿಂದ ನಿನ್ನ ಬೆರಳನ್ನು ಅಳಿಸಲು ಬಂದು, ಯಾರೂ ನೋಡದಿರಲೆಂದು ಬಾಗಿಲು ಹಾಕಿಕೊಂಡಿದ್ದೆ. ಅಳಿಸುತ್ತಿದ್ದಾಗಲೇ ಕರೆಂಟು ಹೋಯಿತು. ಮತ್ತೆ ಬಂದಾಗ ಎಲ್ಲರ ಬೆರಳೂ ಮಾಯ.

"ಅತ್ತೆ, ಬೀಗ ಪಟ್ಟಿ ಬರೀವಾಗ ಕರೆಂಟ್ ಹೋದ್ರೆ ಎಲ್ಲಾ ಕೆಡುತ್ತೆ, ಒಂದು ಬ್ಯಾಟರಿ ಹಾಕ್ಸೋಣ" ಅಂತ ಬೀಗ ಕೂರಿಸಿದ ದಿನವೇ ಅಂದಿದ್ದೆ ನೀನು.

"ಬೀಗಕ್ಕೂ ಊಟ ಹಾಕ್ಬೇಕೇನೇ?" ಅಂದಿದ್ದೆ ನಾನು.

ಈಗ ಹಾಕಿಸು. ಹೊಸ ಪಟ್ಟಿಯನ್ನು ಪೂರ್ತಿ ಬರೆದಾದ ಮೇಲೆಯೇ ಹಳೆಯದು ಅಳಿಯುವಂತೆಯೂ ಮಾಡು. ಹೊಸ ಕೊಡ ತುಂಬುವ ಮುಂಚೆ ಹಳೆಯ ನೀರು ಚೆಲ್ಲುವವರುಂಟೇ? ಇಲ್ಲಿ ಗಾಳಿ ಕಡಿಮೆ. ಹಾಗಂತ ಓಡಿ ಬರಬೇಕಾಗಿಲ್ಲ, ಲ್ಯಾಪ್‌ಟಾಪ್ ತೆಗೆದುಕೊಂಡು ಬೇಗ ಬಂದರೆ ಸಾಕು.

ಬೀಗ ಸರಿಹೋದ ಮೇಲೆ ಮೊದಲು ನಿನ್ನ ಬೆರಳನ್ನೇ ಸೇರಿಸಿಕೋ. ನನ್ನದನ್ನು ಸೇರಿಸುವುದು ಬಿಡುವುದು ನಿನ್ನಿಷ್ಟ.

ಇಂತು,
ಬಾಗಿಲ ಈಚೆಯಿಂದ, ನಿನ್ನ ಅತ್ತೆ