ಭುಜಂಗಯ್ಯ ಬಾಗಿಲು ಹಾಕಲಿಲ್ಲ

ಗುರುಕಟ್ಟೆ, ಕ್ಯಾಲಿಸ್ಟೊ
ಗುರುವಾರ, ಫೆಬ್ರವರಿ ೩೦, ೨೩೯೧

‘ಏಳು ಸೂರ್ಯರ ದಾರಿ’ ಧಾರಾವಾಹಿಯ ಅರವತ್ತೊಂದನೆಯ ಕಂತನ್ನು ಬರೆಯಲಿರುವ ಮಹನೀಯರಿಗೆ, ಅಥವಾ ಮಹನೀಯೆಗೆ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಗುರುಕಟ್ಟೆಯ ನೀರು ಶುದ್ಧೀಕರಣ ವಿಭಾಗದ ಹಿರಿಯ ಗುಮಾಸ್ತನೂ ಐವತ್ತೆಂಟು ವರ್ಷಗಳಲ್ಲಿ ಒಂದು ಲೋಟ ನೀರನ್ನೂ ಕದಿಯದವನೂ ಆದ ವಾಮನ ನೂರಿತ್ತಾಯನೆಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಸರ್ಕಾರಿ ಅರ್ಜಿಯೊಂದರಲ್ಲಿ ನಮ್ಮ ಬದನೆಗಿಡಗಳಿಗೆ ರೋಗ ತಗುಲಿದೆ ಎಂದು ಸುಳ್ಳು ಬರೆದಿದ್ದೇನೆ. ಬದನೆಗಳು ಆರೋಗ್ಯವಾಗಿವೆ. ಅವುಗಳ ಮಾನಹಾನಿಗೆ ನಾನೊಬ್ಬನೇ ಹೊಣೆ. ಹಿಂಚೆಯಲ್ಲಿ ಕೃಷಿ ವರದಿಗಳಿಗೆ ಮೊದಲ ಸರದಿ, ಸ್ವಂತ ಕಾಗದಗಳಿಗೆ ನಾಲ್ಕು ವರ್ಷದ ಸಾಲು. ನನ್ನ ಬಳಿ ಇರುವುದು ಹನ್ನೊಂದು ದಿನ.

ಹಿಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಕೆಲಸ ಮಾಡುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮ ಕಾಲದ ಅಂಚೆ ಹೇಗೆ ಕೆಲಸ ಮಾಡುತ್ತಿತ್ತೆಂದು ನಿಮಗೂ ಗೊತ್ತಿರಲಿಲ್ಲವಂತೆ. ಈವರೆಗೆ ಯಾರಿಗೂ ಉತ್ತರ ಬಂದಿಲ್ಲ. ಕಾಗದ ತಲುಪಿದ್ದರೆ ಅದರ ಫಲ ಆಗಲೇ ನಡೆದುಹೋಗಿರುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಸರ್ಕಾರಿ ಕಚೇರಿಯವರೂ ಇದನ್ನೇ ಹೇಳುತ್ತಿದ್ದರು, ಹೆಚ್ಚು ಕಡಿಮೆ ಇದೇ ದನಿಯಲ್ಲಿ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿಗೆ ಕೊನೆಗೂ ನ್ಯಾಯ ಸಿಕ್ಕಿದೆ. ವಾರಕ್ಕೆ ಏಳು ಗುರುವಾರ. ಆಕಾಶದಲ್ಲಿ ಗುರುಗ್ರಹ ಒಂದೇ ಜಾಗದಲ್ಲಿ, ಅತ್ತಿತ್ತ ಸರಿಯದೆ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಂತೆ ನಿಂತಿರುವಾಗ ಬೇರೆ ವಾರದ ಹೆಸರು ಬಾಯಿಗೆ ಬರುವುದಿಲ್ಲ. ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಊರು ಬಿಟ್ಟು ಅರವತ್ತೆರಡು ಕೋಟಿ ಕಿಲೋಮೀಟರು ಬಂದಿದ್ದೇವೆ, ಮಾತಿನಲ್ಲಿ ಮಾತ್ರ ಇನ್ನೂ ಕರಾವಳಿ ದಾಟಿಲ್ಲ. ಮಂಗಳ ಗ್ರಹದ ದೊಡ್ಡ ಪಟ್ಟಣಕ್ಕೆ ಮಂಗಳೂರು ಎಂದಲ್ಲದೆ ಬೇರೆ ಹೆಸರಿಡಲು ನಮ್ಮ ಹಿರಿಯರಿಗೆ ಮನಸ್ಸೇ ಬರಲಿಲ್ಲ.

ಆ ಮಂಗಳೂರಿನಿಂದಲೇ ಈಗ ಸರಕು ನೌಕೆಯೊಂದು ಬರುತ್ತಿದೆ, ಇನ್ನು ಹನ್ನೊಂದು ದಿನಕ್ಕೆ ಇಲ್ಲಿಳಿಯುತ್ತದೆ. ಅದನ್ನು ನೆನೆದರೆ ಕೂರಲಾಗುವುದಿಲ್ಲ. ಚಡಪಡಿಸಿ ಏಳುತ್ತೇನೆ, ಇಲ್ಲಿ ಮನುಷ್ಯನ ತೂಕ ನಿಮ್ಮಲ್ಲಿಯದರ ಎಂಟರಲ್ಲೊಂದು ಪಾಲು, ಆದ್ದರಿಂದ ಚಡಪಡಿಸುವವನ ತಲೆ ನೇರವಾಗಿ ಸೂರಿಗೆ ಹೊಡೆಯುತ್ತದೆ. ಈ ಪುಟ ಬರೆಯುವಷ್ಟರಲ್ಲಿ ಎರಡು ಸಲ ಹೊಡೆದಿದೆ.

ನಿಮ್ಮ ಧಾರಾವಾಹಿಯ ವಿಷಯಕ್ಕೆ ಬರುತ್ತೇನೆ. ಮೊದಲ ವಲಸಿಗರು ತಂದ ಇನ್ನೂರ ನಲವತ್ತು ಕಂತುಗಳು ನಮ್ಮ ಪಾಲಿಗೆ ಪುರಾಣವಾಗಿವೆ. ಮಕ್ಕಳಿಗೆ ಕ್ಯಾಪ್ಟನ್ ಅರುಂಧತಿಯ ಹೆಸರಿಡುತ್ತೇವೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ‘ಹದಿನೇಳನೆಯ ಕಂತಿನ ಸಮುದ್ರ’ ಎನ್ನುತ್ತೇವೆ. ನಿಮ್ಮ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಹೆಸರುಗಳು ಓಡುವಾಗ ನಮ್ಮ ಪೂರ್ವಿಕರು ‘ಸ್ಕಿಪ್’ ಒತ್ತುತ್ತಿದ್ದರು. ಪಿತೃಗಳ ಪಾಪ.

ಕಥೆಯಲ್ಲಿ ತೂತುಗಳಿವೆ ಎಂಬುದು ನಿಮಗೂ ತಿಳಿದಿರಬಹುದು. ಹೊರಗೆ ಗಾಳಿಯೇ ಇಲ್ಲದ ಊರಿನಲ್ಲಿ ಬದುಕುವವರು ನಾವು. ತೂತು ಕಂಡರೆ ಸುಮ್ಮನಿರುವ ಜನವಲ್ಲ. ಅತಿ ದೊಡ್ಡ ತೂತು ಎಂಬತ್ತೆಂಟನೆಯ ಕಂತಿನಲ್ಲಿದೆ. ನೌಕೆಗೆ ಬಿರುಕು ಬಿಡುತ್ತದೆ. ನಲವತ್ತು ಜನ ಒಳಗೆ, ಬಿರುಕು ಮುಚ್ಚಲು ಹೋದ ಅರುಂಧತಿ ಹೊರಗೆ. ನಡುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಮರುಕ್ಷಣ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಉಗ್ರಾಣಿ ಭುಜಂಗಯ್ಯ ಅವಲಕ್ಕಿ ತಿನ್ನುತ್ತ ನಿಂತಿದ್ದಾನೆ. ಬಾಗಿಲು ಹಾಕಿ ಅವಳನ್ನು ಸಾಯಿಸಿದವನು ಅವನೇ ಎಂದು ನೌಕೆಯವರೆಲ್ಲ ಹೇಳುತ್ತಾರೆ, ಅವನು ಅಲ್ಲವೆನ್ನುವುದಿಲ್ಲ. ಬಾಗಿಲು ಹಾಕಿದ್ದನ್ನು ನಮ್ಮ ಜನ ಕ್ಷಮಿಸಿಯಾರು. ಆ ಅವಲಕ್ಕಿಯನ್ನು ಮೂರು ಶತಮಾನವಾದರೂ ಕ್ಷಮಿಸಿಲ್ಲ. ಒಂದೇ ಕ್ಷಣದಲ್ಲಿ ಅವನು ಇಪ್ಪತ್ತು ಹೆಜ್ಜೆ ಹೋದದ್ದು ಹೇಗೆ? ಓಡಿದ ಎನ್ನುವವರು ಒಂದು ಪಂಗಡ. ಅವನಿಗೊಬ್ಬ ಅವಳಿ ಇದ್ದ ಎನ್ನುವವರು ಇನ್ನೊಂದು. ಬರೆದವರೇ ಎಡವಿದ್ದಾರೆ ಎನ್ನುವವರು ಮೂರನೆಯದು. ಅವರ ಮನೆಗೆ ಹೆಣ್ಣು ಕೊಡುವಾಗ ಜನ ಯೋಚಿಸುತ್ತಾರೆ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ದೂಮಣ್ಣ ಇರದಿದ್ದರೆ.

ದೂಮಣ್ಣ ನಮ್ಮ ಮೂರನೆಯ ಸುರಂಗದ ಬಾಗಿಲು ಕಾಯುತ್ತಿದ್ದವರು. ಇಪ್ಪತ್ತೆರಡು ವರ್ಷಗಳ ಹಿಂದೆ ಆ ಸುರಂಗದ ಗೋಡೆ ಸೀಳಿತು. ಬಾಗಿಲು ಮುಚ್ಚಿತು. ಇನ್ನೂರ ಹನ್ನೆರಡು ಜನ ಉಳಿದರು. ಹೊರಗುಳಿದು ಸತ್ತವನು ಲೋಲಾಕ್ಷ, ದೂಮಣ್ಣನ ಗೆಳೆಯ, ಊರಿನ ಅಚ್ಚುಮೆಚ್ಚಿನ ಭಾಗವತ. ವಿಚಾರಣೆ ನಡೆಸಿದವರು ದೂಮಣ್ಣನದು ತಪ್ಪಿಲ್ಲ ಎಂದು ಬರೆದರು. ಊರು ಓದಲಿಲ್ಲ. ಒಂದು ವಾರದೊಳಗೆ ಅವರಿಗೆ ‘ಭುಜಂಗ’ ಎಂಬ ಹೆಸರು ಬಿತ್ತು. ನಮ್ಮಲ್ಲಿ ‘ಸ್ಸ್’ ಎಂದು ಸದ್ದು ಮಾಡುವುದು ಅಪರಾಧ, ಗಾಳಿ ಸೋರುತ್ತಿದೆಯೆಂದು ಜನ ಹೆದರಿ ಓಡುತ್ತಾರೆ. ದೂಮಣ್ಣ ಹಾದುಹೋಗುವಾಗ ಮಾತ್ರ ಆ ಸದ್ದು ಬರುತ್ತಿತ್ತು, ಯಾರೂ ಹಿಡಿಯುತ್ತಿರಲಿಲ್ಲ. ಅವರು ಸಾಮೂಹಿಕ ಊಟದ ಮನೆಗೆ ಬರುವುದನ್ನು ಬಿಟ್ಟರು. ಇಪ್ಪತ್ತೆರಡು ವರ್ಷ ಮಗಳು ವಾರಿಜ ಬುತ್ತಿ ಒಯ್ದಳು.

ಕಳೆದ ತಿಂಗಳು ಆಕೆ ನನ್ನ ಬಳಿಗೆ ಬಂದಳು. ನಾನು ತಾಳಮದ್ದಳೆಯ ಅರ್ಥಧಾರಿ. ಅಂದರೆ ವೇಷವಿಲ್ಲದೆ ಪಂಚೆ ಉಟ್ಟು ಕೂತು, ಭಾಗವತರು ಹಾಡಿದ ಪದ್ಯಕ್ಕೆ, ಪಾತ್ರವೇ ಆಗಿ ಆ ಕ್ಷಣಕ್ಕೆ ಹೊಳೆದ ವಾದ ಹೂಡುವವನು. ನಿಮ್ಮ ಕಾಲದಲ್ಲಿ ಇದಕ್ಕೆ ಮಹಾಭಾರತ ಇತ್ತು. ನಮಗೆ ನಿಮ್ಮ ಧಾರಾವಾಹಿಯೂ ಇದೆ. ವರ್ಷಕ್ಕೊಮ್ಮೆ ‘ಬಾಗಿಲ ಪ್ರಸಂಗ’ ನಡೆಯುತ್ತದೆ. ಭುಜಂಗಯ್ಯನ ಅರ್ಥ ಹೇಳಲು ಯಾರೂ ಒಪ್ಪದೆ ಪ್ರತಿವರ್ಷ ಚೀಟಿ ಎತ್ತುತ್ತಾರೆ.

“ಮಾವ, ಈ ಸಲ ನೀವು ಭುಜಂಗಯ್ಯ ಆಗ್ಬೇಕು” ಎಂದಳು ವಾರಿಜ.

“ನನ್ನ ಮೇಲೆ ಎಂತ ದ್ವೇಷ ಮಾರಾಯ್ತಿ ನಿಂಗೆ?”

“ಅಪ್ಪನಿಗೆ ಬಿದ್ದ ಹೆಸ್ರು ಬಿಡಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಇನ್ನು ಆಗುದೂ ಇಲ್ಲ. ಆ ಹೆಸ್ರನ್ನೇ ತೊಳೆದು ಕೊಡಿ. ನೀವು ನೀರಿನ ಇಲಾಖೆಯವ್ರಲ್ವಾ.”

ಶ್ಲೇಷೆಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಒಪ್ಪಿದೆ.

ಇನ್ನು ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ಸಂಕೋಚ ನನ್ನ ಸ್ವಭಾವವಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಮ್ಮ ಭಂಡಾರದಲ್ಲಿ ಇನ್ನೂರ ಮೂವತ್ತೊಂಬತ್ತು ಕಂತುಗಳಷ್ಟೇ ಇವೆ. ಅರವತ್ತೊಂದನೆಯದು ಬರುವ ದಾರಿಯ ವಿಕಿರಣದಲ್ಲಿ ಅಳಿಸಿಹೋಗಿತ್ತು. ನನ್ನ ಅಜ್ಜಿಯ ಸ್ವಂತ ಪೆಟ್ಟಿಗೆಯಲ್ಲಿ ಮಾತ್ರ ಒಂದು ಪ್ರತಿ ಇತ್ತು. ನಾನು ಆರು ವರ್ಷದವನಿದ್ದಾಗ ಅವರು ಅದನ್ನು ಒಮ್ಮೆ ಹಾಕಿ ತೋರಿಸಿದರು. ಮುಂದಿನ ವರ್ಷ ಪೆಟ್ಟಿಗೆಯೂ ಅಜ್ಜಿಯೂ ಇಲ್ಲವಾದರು. ಹಾಗಾಗಿ ಅರವತ್ತೊಂದನ್ನು ಕಂಡವರಲ್ಲಿ ಬದುಕಿರುವವನು ಇಡೀ ಕ್ಯಾಲಿಸ್ಟೊದಲ್ಲಿ ನಾನೊಬ್ಬನೇ. ಈ ಒಂದು ಗೌರವದ ಮೇಲೆ ನನ್ನ ಮದುವೆಯೂ ಎರಡು ಬಡ್ತಿಯೂ ನಿಂತಿವೆ.

ಪ್ರಸಂಗದ ದಿನ ಊಟದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರುಂಧತಿಯ ಅರ್ಥಕ್ಕೆ ಕೂತವರು ಪ್ರಾಣವಾಯು ವಿಭಾಗದ ಚಂದ್ರಾವತಿ ಬಲ್ಲಾಳರು. ಅವರ ನಾಲಗೆಯನ್ನು ಎದುರಿಸುವುದಕ್ಕಿಂತ ಊರಿನ ಹೊರಗೆ ಬರಿಗಾಲಲ್ಲಿ ನಡೆಯುವುದು ಸುರಕ್ಷಿತ.

“ಎಲವೋ ಉಗ್ರಾಣಿ, ಅಕ್ಕಿ ಅಳೆಯುವ ಕೈಗೆ ಬಾಗಿಲ ಹಿಡಿ ಏಕೆ ಬೇಕಾಯಿತು? ನನ್ನ ಉಸಿರು ನಿಲ್ಲುವ ಹೊತ್ತಿಗೆ ನಿನ್ನ ಬಾಯಿ ಆಡುತ್ತಿತ್ತಲ್ಲ, ಆ ಅವಲಕ್ಕಿ ಗಂಟಲಲ್ಲಿ ಹೇಗೆ ಇಳಿಯಿತು?”

ಸಭೆ ಚಪ್ಪಾಳೆ ತಟ್ಟಿತು. ಹಿಂದಿನಿಂದ ಯಾರೋ ‘ಸ್ಸ್’ ಎಂದರು. ಹೊಸ್ತಿಲಾಚೆ, ಗೋಡೆಗೆ ಒರಗಿ, ದೂಮಣ್ಣ ನಿಂತಿರುವುದು ನನಗೆ ಕಂಡಿತು. ಅವರು ಬರುವುದಿಲ್ಲ ಎಂದು ವಾರಿಜ ಹೇಳಿದ್ದಳು.

ನಾನು ಮನೆಯಲ್ಲಿ ಸಿದ್ಧಮಾಡಿಕೊಂಡ ವಾದವೆಲ್ಲ ಮರೆತುಹೋಯಿತು. ಬಾಯಿ ತೆರೆದೆ.

“ತಾಯೇ, ಹಿಡಿಯೇ ಇಲ್ಲದ ಬಾಗಿಲನ್ನು ನಾನು ಹಿಡಿದದ್ದು ಹೇಗೆ? ಅರವತ್ತೊಂದನೆಯ ಕಂತಿನಲ್ಲಿ ಕಲ್ಲಿನ ಮಳೆ ಬಿದ್ದಾಗ ಆ ಬಾಗಿಲ ಒಳಹಿಡಿ ಮುರಿದು ಬಿತ್ತು. ರಿಪೇರಿಗೆ ನಾನೇ ಅರ್ಜಿ ಕೊಟ್ಟೆ. ‘ಆಮೇಲೆ ನೋಡೋಣ’ ಎಂದವರು ತಾವು. ಮುರಿದ ಹಿಡಿಯನ್ನು ಅಡುಗೆಯವನು ಸೌಟು ಮಾಡಿಕೊಂಡ. ಅಂದಿನಿಂದ ಆ ಬಾಗಿಲನ್ನು ಹೊರಗಿನಿಂದ ಮಾತ್ರ ಎಳೆಯಬಹುದಿತ್ತು. ಹೊರಗಿದ್ದವರು ಯಾರು, ತಾಯೇ? ನಲವತ್ತು ಜೀವಕ್ಕಾಗಿ ಬಾಗಿಲು ಎಳೆದುಕೊಂಡದ್ದು ತಮ್ಮ ಕೈ. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ, ಏಕೆಂದರೆ ನಾನು ಬಾಗಿಲ ಬಳಿಗೆ ಬಂದೇ ಇರಲಿಲ್ಲ. ದಿಕ್ಕು ತೋಚದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುಂಬಿಕೊಳ್ಳುತ್ತಾನೆ. ತಮ್ಮ ತ್ಯಾಗವನ್ನು ನನ್ನ ದ್ರೋಹವೆಂದು ಜನ ಹಾಡಿದರು. ನಾನು ತಿದ್ದಲಿಲ್ಲ. ಸತ್ತವರನ್ನು ಸಾಕ್ಷಿಗೆ ಕರೆಯುವುದು ಹೇಗೆ?”

ಮದ್ದಳೆಯವರು ಕೈ ಎತ್ತಿದವರು ಇಳಿಸಲಿಲ್ಲ. ಮೂರು ಶತಮಾನದ ತೂತು ಎಲ್ಲರ ಕಣ್ಣೆದುರಿಗೇ ಮುಚ್ಚಿಹೋಗಿತ್ತು. ಚಂದ್ರಾವತಿಯವರು ಅರ್ಥಗಾರಿಕೆ ಮರೆತು, ಮನೆಮಾತಿನಲ್ಲಿ ಕೇಳಿದರು: “ವಾಮನಣ್ಣ, ಅದು ಕಂತಿನಲ್ಲಿ ನಿಜವಾಗಿ ಉಂಟಾ?”

“ಕಣ್ಣಾರೆ ಕಂಡದ್ದು” ಎಂದೆ.

ಸಭೆ ಮುಗಿದ ಮೇಲೆ ದೂಮಣ್ಣ ಹೊಸ್ತಿಲು ದಾಟಿ ಬಂದು ನನ್ನ ಎದುರು ಕೂತರು. ಯಾರೋ ಚಹಾ ತಂದಿಟ್ಟರು.

“ಲೋಲಾಕ್ಷ ಸಹ ಹಾಗೇ ಮಾಡಿದ್ದು” ಎಂದರು. “ಹಾಕು ದೂಮಣ್ಣ, ಹಾಕು ಅಂತ ಬೊಬ್ಬೆ ಹೊಡ್ದ. ನನ್ನ ಕೈ ಬರ್ಲಿಲ್ಲ. ಆಮೇಲೆ ಅವನೇ ಆಚೆಯಿಂದ ಎಳ್ಕೊಂಡ. ಹೇಳಿದ್ರೆ ಯಾರು ನಂಬ್ತಾರೆ? ಸತ್ತವನ ಮೇಲೆ ಹಾಕ್ತಾನೆ ಅಂತಿದ್ರು. ಈಗ ನೀನು ಹೇಳಿದ್ಯಲ್ಲ, ಅಂಥದ್ದು ಆಗ್ತದೆ ಅಂತ ಜನಕ್ಕೆ ಗೊತ್ತಾಯ್ತು.”

ಮರುದಿನ ಅವರು ಅದನ್ನೇ ಊಟದ ಮನೆಯಲ್ಲಿ ಎಲ್ಲರೆದುರು ಹೇಳಿದರು. ಲೋಲಾಕ್ಷನ ಹೆಂಡತಿ ಎದ್ದು ಬಂದು ಅವರ ತಟ್ಟೆಗೆ ಪಲ್ಯ ಬಡಿಸಿದರು. ಅಂದಿನಿಂದ ದೂಮಣ್ಣ ದಿನವೂ ಬರುತ್ತಾರೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾರೆ, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ಇಷ್ಟರಲ್ಲಿ ಮಂಗಳೂರಿನಿಂದ ಸಂದೇಶ ಬಂತು. ಬರುವ ನೌಕೆಯಲ್ಲಿ ಪಂಪುಗಳು, ಬಿತ್ತನೆ ಬೀಜ, ಜೊತೆಗೆ ‘ಏಳು ಸೂರ್ಯರ ದಾರಿ’ಯ ಸಂಪೂರ್ಣ ಪ್ರತಿ, ಅರವತ್ತೊಂದೂ ಸೇರಿ. ಊರು ಕುಣಿಯುತ್ತಿದೆ. ಊಟದ ಮನೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಾರೆ. ಮೊದಲ ಸಾಲಿನಲ್ಲಿ ನನಗೂ ದೂಮಣ್ಣನಿಗೂ ಕುರ್ಚಿ ಕಾದಿರಿಸಿದ್ದಾರೆ. ಆ ಪರದೆಯ ಮೇಲೆ ಒಳಹಿಡಿ ಮುರಿಯದೆ ಹೋದರೆ ನನಗಾಗುವ ಅವಮಾನ ದೊಡ್ಡದಲ್ಲ, ನಕ್ಕು ಬಿಟ್ಟಾರು. ಆದರೆ ದೂಮಣ್ಣ ಹೇಳಿದ ನಿಜವನ್ನು ಜನ ಈ ತಾಳಮದ್ದಳೆಯಿಂದ ಕದ್ದ ನೆವ ಎನ್ನುತ್ತಾರೆ. ಮತ್ತೆ ಬಾಯಿ ತೆರೆಯುವ ಧೈರ್ಯ ಆ ಮನುಷ್ಯನಿಗೆ ಈ ಜನ್ಮದಲ್ಲಿ ಬರಲಾರದು.

ಆದ್ದರಿಂದ ನನ್ನ ವಿನಂತಿ. ತಾವು ಅರವತ್ತೊಂದನೆಯ ಕಂತು ಬರೆಯಲು ಕೂತಾಗ, ಕಲ್ಲಿನ ಮಳೆಯ ದೃಶ್ಯದಲ್ಲಿ, ಬಾಗಿಲ ಒಳಹಿಡಿ ಮುರಿದು ಬೀಳುವುದನ್ನು ಸ್ಪಷ್ಟವಾಗಿ ತೋರಿಸಿ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿಬಿಡಬಾರದು. ಅರ್ಜಿಯ ಮಾತು ಒಂದು ಸಾಲು ಇರಲಿ. ಸೌಟು ಕಷ್ಟವಾದರೆ ಬಿಡಿ, ಅದಕ್ಕೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ. ಕಲ್ಲಿನ ಮಳೆಯೇ ಇಲ್ಲದಿದ್ದರೆ ದಯವಿಟ್ಟು ಸುರಿಸಿ. ನಿಮ್ಮ ಕುಲ ತಣ್ಣಗಿರಲಿ. ಆ ಕುಲದವರೇ ನಾವಾಗಿರಲೂಬಹುದು.

ಕಣ್ಣಾರೆ ಕಂಡದ್ದಾದರೆ ಇಷ್ಟು ಅಂಗಲಾಚುವುದೇಕೆ, ಇದ್ದದ್ದು ಇದ್ದೇ ಇರುತ್ತದಲ್ಲ ಎಂದು ನೀವು ಕೇಳುತ್ತೀರಿ. ನಿಮ್ಮ ಕಸುಬೇ ಅದು. ಅಜ್ಜಿ ಆ ಕಂತನ್ನು ಹಾಕಿದ್ದು ನಿಜ. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಪರದೆಯತ್ತ ಮುಖ ಮಾಡಿ ಮಲಗಿದ್ದೂ ನಿಜ. ಶೀರ್ಷಿಕೆ ಗೀತೆಯ ಎರಡನೆಯ ಸಾಲಿಗೇ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಅರವತ್ತೆರಡು ಓಡುತ್ತಿತ್ತು.