ಯಾರ ತಂಗಿಯೂ ಅಲ್ಲದ ನರ್ಸು

ಉಯಿಹಾ, ಹಾಪಾಯಿ ದ್ವೀಪಗಳು, ಟೋಂಗಾ
ಗುರುವಾರ, 14 ಆಗಸ್ಟ್ 1997

ಪ್ರೀತಿಯ ಅಕ್ಕ ಲೆಸಿಯೆಲಿಗೆ ತಮ್ಮ ಸತೇಕಿಯ ನಮಸ್ಕಾರ.

ಆಕ್ಲೆಂಡಿನಲ್ಲಿ ಚಳಿ ಇನ್ನೂ ಬಿಟ್ಟಿಲ್ಲವೆಂದು ರೇಡಿಯೊದಲ್ಲಿ ಕೇಳಿದೆ. ನಿನ್ನ ಮಂಡಿ ಹೇಗಿದೆ? ಈಸ್ಟರಿಗೆ ಊರಿಗೆ ಬಂದು ಹೋದವರ ಕೈಯಲ್ಲಿ ಕಳಿಸಿದ ತೆಂಗಿನೆಣ್ಣೆ ತಲುಪಿತೋ, ಇಲ್ಲ ವಿಮಾನ ನಿಲ್ದಾಣದವರು ಹೋದ ಸಲದಂತೆ ಮೂಸಿ ನೋಡಿ ಕಿತ್ತುಕೊಂಡರೋ? ತಲುಪಿದ್ದರೆ ಬಿಸಿ ಮಾಡಿ ಹಚ್ಚಿಕೋ. ತಣ್ಣಗೆ ಹಚ್ಚಿದರೆ ಹಚ್ಚದೇ ಇದ್ದಷ್ಟೇ. ಇಲ್ಲಿ ಮಗ, ಸೊಸೆ, ಮಕ್ಕಳು ಚೆನ್ನಾಗಿದ್ದಾರೆ. ದೊಡ್ಡ ಹಂದಿ ಏಳು ಮರಿ ಹಾಕಿದೆ. ಗೆಣಸಿನ ತೋಟಕ್ಕೆ ಕಳೆ ಬಿದ್ದಿದೆ, ಬಗ್ಗಲು ಆಗುತ್ತಿಲ್ಲ. ನಾವೆಲ್ಲ ಕ್ಷೇಮ ಎಂದು ಇಲ್ಲಿಗೆ ಮುಗಿಸುವುದು ನನ್ನ ಅಭ್ಯಾಸ, ನಿನಗೆ ಗೊತ್ತು. ಈ ಸಲ ಮುಗಿಸುವುದಿಲ್ಲ.

ಜೂನ್‌ನಲ್ಲಿ ಮೊಸೆಸೆಯನ್ನು ಮಣ್ಣು ಮಾಡಿದ ಮೇಲೆ ನೀನು ಎರಡು ಪತ್ರ ಬರೆದೆ. ಎರಡರಲ್ಲೂ ಒಂದೇ ಪ್ರಶ್ನೆ. "ನನ್ನ ತಮ್ಮ ಹೇಗೆ ಸತ್ತ, ನೆಟ್ಟಗೆ ಹೇಳು. ಎಲ್ರೂ ಹೊಟ್ಟೆನೋವು ಹೊಟ್ಟೆನೋವು ಅಂತಾರೆ, ಹೊಟ್ಟೆನೋವು ಅಂದ್ರೆ ಏನು?" ನಾನು ಎರಡು ಸಲವೂ ಮಳೆಯ ವಿಷಯ ಬರೆದು ಕಳಿಸಿದೆ. ನಿನಗೆ ಸಿಟ್ಟು ಬಂದಿರಬೇಕು, ನಿನ್ನ ಮೂರನೆಯ ಪತ್ರ ಬರಲಿಲ್ಲ. ಈಗ ಹೇಳುತ್ತೇನೆ. ತಮ್ಮನಾದವನು ಅಕ್ಕನಿಗೆ ಬರೆಯಬಾರದ್ದನ್ನು ಬರೆಯುತ್ತೇನೆ. ಓದಲು ಸಂಕೋಚವಾದರೆ ಈ ಸಾಲಿಗೇ ನಿಲ್ಲಿಸಿ ಮಗಳ ಕೈಗೆ ಕೊಡು, ಅವಳು ಓದಿ ತನಗೆ ಬೇಕಾದ ಮಾತಿನಲ್ಲಿ ಹೇಳಲಿ. ಆದರೆ ನನಗೆ ಕೇಳಿದರೆ ನೀನೇ ಓದು ಎನ್ನುತ್ತೇನೆ. ಹನ್ನೊಂದನೇ ವಯಸ್ಸಿಗೆ ನಾನೂ ಮೊಸೆಸೆಯೂ ಚಾಪೆ ಸುತ್ತಿಕೊಂಡು ಹುಡುಗರ ಗುಡಿಸಲಿಗೆ ಹೋದೆವು, ನೀನು ಮಲಗುವ ಸೂರಿನಡಿ ಮಲಗುವಂತಿರಲಿಲ್ಲ. ನೀನು ಒಳಗೆ ಬಂದರೆ ನಾವು ಮಾತು ನಿಲ್ಲಿಸಿ ಎದ್ದು ಹೋಗುತ್ತಿದ್ದೆವು. ರೇಡಿಯೊದಲ್ಲಿ ಯಾರೋ ಪೋಲಿ ಮಾತಾಡಿದರೆ ನೀನೋ ನಾನೋ ಹಿತ್ತಲಿಗೆ ಹೊರಟೆವೆಂದೇ ಅರ್ಥ. ನನಗೀಗ ಅರವತ್ತೇಳು, ನಿನಗೆ ಎಪ್ಪತ್ತೊಂದು. ಎದ್ದು ಹೋಗಿ ಹೋಗಿ ನನಗೆ ಸಾಕಾಗಿದೆ ಅಕ್ಕ.

ಮೊಸೆಸೆಗೆ ಮೂತ್ರ ಕಟ್ಟುತ್ತಿತ್ತು. ಒಂದು ದಿನ ಎರಡು ದಿನವಲ್ಲ, ಮೂರು ವರ್ಷ. ಕಾವಾ ಮನೆಯಲ್ಲಿ ಕೂರುವ ನಮಗೆಲ್ಲ ಗೊತ್ತಿತ್ತು. ನಮ್ಮ ಕಾವಾ ಮನೆಯ ವೈದ್ಯ ನಿನಗೆ ಗೊತ್ತಿಲ್ಲ, ಹೆಂಗಸರ ಕಿವಿಗೆ ಅದು ಬೀಳುವುದಿಲ್ಲ. ಕಾವಾ ಬೇರು ಕುಟ್ಟಿ, ನೀರಲ್ಲಿ ಹಿಂಡಿ, ಕುಡಿಯಲು ತೆಂಗಿನ ಚಿಪ್ಪಿಗೆ ಹುಯ್ಯುವಷ್ಟರಲ್ಲಿ ಒಬ್ಬೊಬ್ಬನೂ ತನ್ನ ತನ್ನ ರೋಗವನ್ನು ಮುಂದಿಡುತ್ತಾನೆ. ದೋಣಿ ಕಟ್ಟುತ್ತಿದ್ದ ಲಿಸಿಯಾಟೆ ನಮ್ಮ ದೊಡ್ಡ ವೈದ್ಯ. ಭೇದಿಗೆ ಸೀಬೆ ಕುಡಿ, ಬಾಯಿ ಹುಣ್ಣಿಗೆ ಇಂಥ ತೊಗಟೆ, ಮಂಡಿಗೆ ನೋನಿ ಎಲೆ ಬಾಡಿಸಿ ಕಟ್ಟು, ಹೀಗೆ. ಕಿವಿಗೆ ಈರುಳ್ಳಿ ರಸ ಬಿಡು ಎಂದು ಹೇಳಿದವನೂ ಅವನೇ, ಅದನ್ನು ಬಿಟ್ಟುಕೊಂಡು ಒಂದು ಕಿವಿ ಕಳೆದುಕೊಂಡವನು ಸಿಯೊಸಾಯ, ಆ ಹಳೇ ಪೊಲೀಸಪ್ಪ. "ನಾನೇನ್ ಮಾಡ್ಲಿ, ಒಂದ್ ಹನಿ ಅಂದೆ, ಇವ್ನು ಒಂದ್ ಚಿಪ್ಪು ಹುಯ್ಕೊಂಡ" ಎಂದು ಲಿಸಿಯಾಟೆ ಇವತ್ತಿಗೂ ವಾದಿಸುತ್ತಾನೆ. ನೀನು ನಗಬೇಡ. ನನ್ನ ಮಂಡಿ ವಾಸಿಯಾದದ್ದು ಆ ನೋನಿ ಎಲೆಯಿಂದಲೇ. ಹೋದ ವರ್ಷ ಮಕ್ಕಳ ಚುಚ್ಚುಮದ್ದಿಗೆಂದು ಪಟ್ಟಣದಿಂದ ಅರ್ಧ ದಿನ ಬಂದ ಎಳೇ ಡಾಕ್ಟರು ಎಲೆ ಕಟ್ಟಿದ್ದನ್ನು ನೋಡಿ ನಕ್ಕ. ಅವನೆದುರೇ ಕುಕ್ಕರಗಾಲಲ್ಲಿ ಕೂತು ಎದ್ದೆ, ನೀನೂ ಕೂತು ಏಳಪ್ಪ ನೋಡೋಣ ಎಂದೆ. ಅವನ ಪ್ಯಾಂಟು ಬಿಗಿಯಾಗಿತ್ತು, ಅರ್ಧಕ್ಕೇ ನಿಂತ. ಎಲೆಯ ಮೇಲೆ ನನಗೆ ಯಾವ ದೂರೂ ಇಲ್ಲ.

ಆದರೆ ಮೊಸೆಸೆಗೆ ನಾವು ಕೊಟ್ಟದ್ದೇನು? ತೊಗಟೆ ಕಷಾಯ, ದಿನಕ್ಕೆ ಮೂರು ಚೆಂಬು. ಮೇಲೆ ಕಾವಾ. "ಕುಡಿ, ಕುಡಿ, ಎಲ್ಲ ತೊಳ್ಕೊಂಡ್ ಹೋಗತ್ತೆ" ಎಂದು ನಾನೇ ಅವನ ಚಿಪ್ಪು ತುಂಬಿಸಿದ್ದೇನೆ. ನೀರು ಹೊರಗೆ ಹೋಗದವನ ಹೊಟ್ಟೆಗೆ ನೀರು ಹೊಯ್ದೆವು ಅಕ್ಕ. ಅವನು ಬೇಡ ಎನ್ನಲಿಲ್ಲ, ಮುಖ ಹಿಂಡಿಕೊಂಡು ಕುಡಿದ. ನನ್ನ ಈ ಕೈಯನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೇ ಮೊದಲು.

ಆಸ್ಪತ್ರೆ ಇರಲಿಲ್ಲವೇ ಎಂದು ಕೇಳುತ್ತೀಯ. ಇದೆ, ಚರ್ಚಿನ ಹಿಂದೆಯೇ ಇದೆ, ಎರಡು ಕೋಣೆ, ಹಸಿರು ಬಾಗಿಲು. ಅಲ್ಲಿ ಕೂರುವವಳು ಫುಸಿ. ನಮ್ಮ ಚಿಕ್ಕಪ್ಪನ ಕೊನೆಯ ಮಗಳು, ನೀನು ಆಕ್ಲೆಂಡಿಗೆ ಹೊರಟಾಗ ಲಂಗ ಹಾಕಿಕೊಂಡು ಓಡಾಡುತ್ತಿದ್ದಳಲ್ಲ, ಅವಳೇ. ಒಳ್ಳೆಯ ನರ್ಸು, ಕೈ ಹಗುರ. ಆದರೆ ಮೊಸೆಸೆಗೆ ತಂಗಿ, ನನಗೆ ತಂಗಿ, ಆ ಕಡೆಯಿಂದ ಲಿಸಿಯಾಟೆಗೆ, ಈ ಕಡೆಯಿಂದ ಸಿಯೊಸಾಯನಿಗೆ, ಅರ್ಧ ಊರಿಗೆ ತಂಗಿ. ದೊಡ್ಡ ಡಾಕ್ಟರ ಹತ್ತಿರ ಹೋಗಬೇಕಾದರೂ ಮೊದಲು ಅವಳ ಚೀಟಿ ಬೇಕು. ಮೊಸೆಸೆ ನಾಲ್ಕು ಸಲ ಹೋದ. ನಾಲ್ಕು ಸಲವೂ ನೆಲ ನೋಡಿಕೊಂಡು "ಬೆನ್ನು ನೋವು ಕಣಮ್ಮ" ಎಂದ. ಅವಳು ನಾಲ್ಕು ಸಲವೂ ಮುಲಾಮು ಕೊಟ್ಟಳು. ಹೆಂಡತಿ ಇದ್ದಿದ್ದರೆ ಅವಳ ಬಾಯಲ್ಲಾದರೂ ಹೇಳಿಸಬಹುದಿತ್ತು, ಅವಳು ಹೋಗಿ ಹನ್ನೊಂದು ವರ್ಷ. ಅವನ ಬಟ್ಟೆ ಪೆಟ್ಟಿಗೆ ತೆಗೆದಾಗ ನಾಲ್ಕು ಡಬ್ಬಿಯೂ ಮುಚ್ಚಳ ಬಿಚ್ಚದೆ ಹಾಗೇ ಇದ್ದವು. ಹೆಣದ ಮುಂದೆ ಕೂತು ಫುಸಿ "ಇಷ್ಟೆಲ್ಲ ಆಗಿದ್ರೂ ನಂಗ್ಯಾಕೆ ಯಾರೂ ಒಂದ್ ಮಾತು ಹೇಳ್ಲಿಲ್ಲ" ಎಂದು ಅತ್ತಳು. ನಾವು ಅಷ್ಟು ಜನ ಗಂಡಸರು ಸೊಂಟಕ್ಕೆ ಸಾವಿಗೆಂದು ಉಡುವ ಹರಕು ಚಾಪೆ ಸುತ್ತಿಕೊಂಡು ಕೂತಿದ್ದೆವು. ಒಬ್ಬನೂ ಬಾಯಿ ಬಿಡಲಿಲ್ಲ. ನಿನ್ನ ತಮ್ಮ ಹೀಗೆ ಸತ್ತ.

ಇನ್ನೊಂದನ್ನೂ ಬರೆದುಬಿಡುತ್ತೇನೆ, ಧೈರ್ಯ ಇರುವಾಗಲೇ. ಈಸ್ಟರಿನಿಂದ ನನಗೂ ಅದೇ ಶುರುವಾಗಿದೆ.

ಅದಕ್ಕೇ ಜುಲೈ ತಿಂಗಳ ಊರ ಸಭೆಯಲ್ಲಿ ಎದ್ದು ನಿಂತೆ. ಪಾದ್ರಿಗಳಿದ್ದರು, ಊರ ಅಧಿಕಾರಿ ಇದ್ದ, ಹೆಂಗಸರೆಲ್ಲ ಇದ್ದರು, ಫುಸಿಯೂ ಇದ್ದಳು. ನಾನು ಕೇಳಿದ್ದು ಇಷ್ಟೇ. ಕಾವಾ ಬಡಿಸುವುದಕ್ಕೆ ಹುಡುಗಿಯನ್ನು ಕೂರಿಸುವಾಗ ಅವಳು ಅಲ್ಲಿರುವ ಯಾರಿಗೂ ತಂಗಿಯಾಗಬಾರದೆಂದು ನೋಡುತ್ತೇವೆ. ಒಬ್ಬನಿಗೆ ದೂರದ ಸಂಬಂಧವಾದರೂ ಅವನು ಎದ್ದು ಮನೆಗೆ ಹೋಗುತ್ತಾನೆ. ಯಾಕೆ? ಗಂಡಸರು ಬಾಯಿ ಬಿಟ್ಟು ನಗಬೇಕಲ್ಲ, ಅದಕ್ಕೆ. "ನಗೋದಕ್ಕೆ ಇಷ್ಟು ಮುತುವರ್ಜಿ ಮಾಡೋರು ಬದುಕೋದಕ್ಕೆ ಯಾಕೆ ಮಾಡಲ್ಲ? ತಿಂಗಳಿಗೊಂದು ದಿನ ನಮಗೆ ಯಾರ ತಂಗಿಯೂ ಅಲ್ಲದ ನರ್ಸು ಬೇಕು" ಎಂದೆ. ಯಾವ ರೋಗಕ್ಕೆ ಎಂಬುದನ್ನೂ ಹೆಸರಿಟ್ಟು ಹೇಳಿದೆ. ಸಭೆ ತಲೆ ತಗ್ಗಿಸಿತು. ಪಾದ್ರಿಗಳಿಗೆ ಕೆಮ್ಮು ಬಂತು. "ಸತೇಕಿ, ಕೂತ್ಕೊಳ್ಳೋ, ಹೆಂಗಸರಿದ್ದಾರೆ" ಎಂದ ಸಿಯೊಸಾಯ. "ಇರಲಿ ಬಿಡು, ಅವರಿಗೆ ಎರಡೂ ಕಿವಿ ನೆಟ್ಟಗಿದೆ" ಎಂದೆ. ಫುಸಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಅದೊಂದು ನನಗೆ ನೋವಾಯಿತು, ಉಳಿದದ್ದಕ್ಕೆ ಆಗಲಿಲ್ಲ.

ಆಮೇಲೆ ಎರಡು ವಾರ ಕಾವಾ ಮನೆಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ನನ್ನ ಚಿಪ್ಪು ಎಲ್ಲರದಾದ ಮೇಲೆ ಬರುತ್ತಿತ್ತು. ನಾನು ಬಿಡಲಿಲ್ಲ, ದಿನಾ ಹೋಗಿ ನನ್ನ ಜಾಗದಲ್ಲೇ ಕೂತೆ. ಸೊಸೆ ಕೂಡ ಎರಡು ದಿನ ಊಟದ ತಟ್ಟೆ ಇಟ್ಟು ಮಾತಾಡದೆ ಹೋದಳು. ಹದಿನೈದನೇ ದಿನ ಲಿಸಿಯಾಟೆ ನನ್ನ ಗೆಣಸಿನ ತೋಟಕ್ಕೆ ಬಂದ. ಸುಮ್ಮನೆ ಒಂದಷ್ಟು ಕಳೆ ಕಿತ್ತ. ಕಿತ್ತು ಕಿತ್ತು, ನನ್ನ ಕಡೆ ನೋಡದೆ, "ನಂಗೂ ಎರಡ್ ವರ್ಷದಿಂದ ಅದೇ ಗೋಳು ಕಣೋ" ಎಂದ. ಎಲ್ಲರಿಗೂ ಔಷಧಿ ಹೇಳುವ ಆ ಮನುಷ್ಯ. ಮರುದಿನ ಇಬ್ಬರೂ ಹೋಗಿ ಊರ ಅಧಿಕಾರಿಯ ಮನೆ ಮೆಟ್ಟಿಲ ಮೇಲೆ ಕೂತೆವು. ಚಹಾ ಕೊಟ್ಟರೂ ಏಳಲಿಲ್ಲ. ಕೊನೆಗೆ ಆಗಸ್ಟ್ ಐದನೇ ತಾರೀಖು ಮಂಗಳವಾರ, ವವಾಉ ದ್ವೀಪದ ಕಡೆಯ ಒಬ್ಬ ನರ್ಸು ದೋಣಿಯಲ್ಲಿ ಬಂದಳು. ಮುದುಕರಿಗೆ ಮಾತ್ರ ಎಂದು ಹಸಿರು ಬಾಗಿಲ ಮೇಲೆ ಚೀಟಿ ಅಂಟಿಸಿದರು. ಫುಸಿ ಆ ದಿನ ತಾನಾಗಿಯೇ ರಜೆ ಹಾಕಿ ಮೀನು ಹಿಡಿಯಲು ಹೋದಳು.

ನೀನು ನೋಡಬೇಕಿತ್ತು ಅಕ್ಕ. ಒಂಬತ್ತು ಜನ ಸ್ನಾನ ಮಾಡಿ, ಚರ್ಚಿನ ಅಂಗಿ ತೊಟ್ಟು, ಸೊಂಟಕ್ಕೆ ಒಳ್ಳೆಯ ಚಾಪೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದೆವು. ನನ್ನನ್ನು ನೋಡಿ ಬಯ್ದಿದ್ದ ಸಿಯೊಸಾಯನೇ ಮೊದಲು ನುಗ್ಗಿದ. ಲಿಸಿಯಾಟೆ ದೊಡ್ಡ ಡಾಕ್ಟರಿಗೆ ಚೀಟಿ ಹಿಡಿದುಕೊಂಡು ಬಂದ, ಹತ್ತು ವರ್ಷ ಎಳೆಯವನಂತೆ ಕಾಣುತ್ತಿದ್ದ. ಗಲಾಟೆ ಶುರು ಮಾಡಿದವನು ನಾನು, ಎಲ್ಲರದೂ ಆಗಲಿ ಎಂದು ಕೊನೆಗೆ ಹೋದೆ. ನಲವತ್ತರ ಹೆಂಗಸು, ನಗುಮುಖ. "ಬನ್ನಿ ಅಜ್ಜ, ಏನ್ ತೊಂದ್ರೆ ಹೇಳಿ" ಎಂದಳು. ಹೇಳಬೇಕಿತ್ತು. ಆದರೆ ಯಾರದೋ ಮನೆ ಮಗಳು ಎದುರಿಗೆ ಕೂತಿರುವಾಗ ವಿಚಾರಿಸದೆ ಮಾತು ಹೇಗೆ ಶುರು ಮಾಡುವುದು? ಬಾಯಿ ತಾನಾಗಿ ಕೇಳಿತು, "ಯಾರ ಮಗಳಮ್ಮ ನೀನು?" ಅವಳು ಖುಷಿಯಿಂದ ಹೇಳಿದಳು. ಅಪ್ಪ ವವಾಉದವನು, ಅಮ್ಮ ಇದೇ ಉಯಿಹಾದವಳು, ಇಂಥವರ ಮನೆ. ಅಕ್ಕ, ಆ ಅಮ್ಮ ನಮ್ಮ ಅಪ್ಪನ ಸೋದರತ್ತೆಯ ಮಗಳು. ನಾನು ಹೇಳದಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಾರದೆ ಅದನ್ನೂ ಹೇಳಿದೆ. "ಅಯ್ಯೋ, ಹಾಗಾದ್ರೆ ನೀವು ನಂಗೆ ಅಣ್ಣ ಆಗ್ಬೇಕು" ಎಂದು ಎದ್ದು ಬಂದು ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು. ಆಮೇಲೆ ತನ್ನ ಕುರ್ಚಿಯನ್ನು ಒಂದು ಮಾರು ಹಿಂದೆ ಸರಿಸಿ, ಕಣ್ಣು ತಗ್ಗಿಸಿ ಕೂತಳು. ನಾನು ಬೆನ್ನು ನೋವು ಎಂದೆ.

ಹೊರಗೆ ಬಂದು ಡಬ್ಬಿ ತೋರಿಸಿದಾಗ ಎಲ್ಲರೂ ನಕ್ಕರು. ಲಿಸಿಯಾಟೆ ಮಾತ್ರ ನಗಲಿಲ್ಲ. "ಯಾರ ಮಗಳು ಅಂತ ಕೇಳೋಕೆ ಹೋದ್ಯಾ, ಮುಠ್ಠಾಳ. ನಾವ್ಯಾರೂ ಕೇಳ್ಲಿಲ್ಲ, ಬೇಕೂಂತ್ಲೇ ಕೇಳ್ಲಿಲ್ಲ" ಎಂದ. ಈಗ ಕಾವಾ ಮನೆಯಲ್ಲಿ ನನಗೂ ಕಷಾಯ ಕುದಿಸೋಣ ಎನ್ನುತ್ತಿದ್ದಾರೆ. ಮಂಡಿಗೆ ಎಲೆ ಕೊಡಿ, ಕಟ್ಟಿಕೊಳ್ಳುತ್ತೇನೆ, ಇದಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ ಎಂದು ಹೇಳಿದ್ದೇನೆ. ಮುಂದಿನ ನರ್ಸು ಯಾವಾಗ ಬರುತ್ತಾಳೋ ಗೊತ್ತಿಲ್ಲ. ಬಂದವಳ ಅಜ್ಜಿಯೂ ಇಲ್ಲಿಯವಳೇ ಇರುತ್ತಾಳೆ, ಈ ಸಮುದ್ರದಲ್ಲಿ ನಮಗೆ ಸಂಬಂಧವಿಲ್ಲದ ದ್ವೀಪ ಯಾವುದಿದೆ?

ನೀನು ಅಲ್ಲಿ ವೃದ್ಧಾಶ್ರಮದಲ್ಲಿ ಬಿಳಿಯ ಮುದುಕರಿಗೆ ಸ್ನಾನ ಮಾಡಿಸಿದೆ, ಅವರ ಬಟ್ಟೆ ಬದಲಿಸಿದೆ, ಎಲ್ಲಿ ನೋವು ಎಂದು ಕೇಳಿದೆ. ಇಪ್ಪತ್ತೆರಡು ವರ್ಷ ಅದೇ ಮಾಡಿದೆ. ನಿನ್ನ ಸ್ವಂತ ತಮ್ಮನಿಗೆ ಆ ಒಂದು ಪ್ರಶ್ನೆ ಕೇಳುವವರು ಇರಲಿಲ್ಲ. ನನಗೆ ಇದು ಸಹಿಸಲಾಗುವುದಿಲ್ಲ. ಗೌರವ ಬಿಟ್ಟವನು ಎಂದು ಊರಲ್ಲಿ ನನ್ನ ಬಗ್ಗೆ ಹೇಳುತ್ತಾರೆ, ನಿನ್ನ ಕಿವಿಗೂ ಬೀಳುತ್ತದೆ. ಸುಳ್ಳು. ನೀನು ನಾಳೆ ಬಂದರೆ ನಿನಗಿಂತ ಎತ್ತರದಲ್ಲಿ ಕೂರುವುದಿಲ್ಲ, ಮೊದಲ ಗೆಣಸು ನಿನ್ನ ತಟ್ಟೆಗೇ. ಆದರೆ ಒಬ್ಬ ತಮ್ಮನನ್ನು ಗೌರವಕ್ಕೆ ಕೊಟ್ಟಾಯಿತು. ಎರಡನೆಯವನನ್ನು ಕೊಡುವುದಿಲ್ಲ, ಯಾರು ಏನೇ ಅನ್ನಲಿ.

ಮೊಮ್ಮಕ್ಕಳಿಗೆ ನನ್ನ ಮುತ್ತು. ಮಗಳಿಗೂ ಅಳಿಯನಿಗೂ ದೇವರು ಆಯಸ್ಸು ಕೊಡಲಿ. ಒಣಗಿಸಿದ ಆಕ್ಟೋಪಸ್ ಮುಂದಿನ ಸಲ ಬರುವವರ ಕೈಯಲ್ಲಿ ಕಳಿಸುತ್ತೇನೆ. ಬೆಚ್ಚಗಿರು, ಮಂಡಿಗೆ ಎಣ್ಣೆ ಮರೆಯಬೇಡ.

ನಿನ್ನ ತಮ್ಮ,
ಸತೇಕಿ

ತಾ.ಕ.: ನಾಲ್ಕು ಗಂಟೆಗೆ ದೋಣಿಗೆ ಟಪಾಲು ಚೀಲ ಹೋಗುತ್ತದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಈಗ ಒಮ್ಮೆ ಓದಿಕೊಂಡೆ. ಬಾಯಲ್ಲಿ ಬರದದ್ದೆಲ್ಲ ಕಾಗದದ ಮೇಲೆ ಬಂದುಬಿಟ್ಟಿದೆ ಅಕ್ಕ. ಹಾಗಾಗಿ ಲಕೋಟೆ ಅಂಟಿಸುತ್ತಿಲ್ಲ. ದಾರಿಯಲ್ಲಿ ಚರ್ಚಿನ ಹಿಂದಿನ ಹಸಿರು ಬಾಗಿಲಿಗೆ ಹೋಗಿ ಇದನ್ನು ಹಾಗೇ ಬಿಚ್ಚಿ ಕೊಡುತ್ತೇನೆ.

ಫುಸಿ, ಇದನ್ನು ಓದುತ್ತಿರುವುದು ಈಗ ನೀನು. ಈಸ್ಟರಿನಿಂದ ಕಷ್ಟ, ಹೋದ ವಾರದ ಬುಧವಾರದಿಂದ ರಕ್ತ, ನಿನ್ನೆಯಿಂದ ಹನಿ ಹನಿ ಮಾತ್ರ. ನಾನು ನಿನ್ನ ಕಿಟಕಿಯ ಹೊರಗೆ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದೇನೆ. ನೀನು ಏನೂ ಹೇಳಬೇಕಿಲ್ಲ, ನಾನೂ ತಿರುಗಿ ನೋಡುವುದಿಲ್ಲ. ಪತ್ರವನ್ನು ನೀನೇ ಅಂಟಿಸಿ ಅಕ್ಕನಿಗೆ ಕಳಿಸು. ಅದಕ್ಕೂ ಮೊದಲು ನನ್ನ ಚೀಟಿ ಬರೆ. ಅದು ಕೈಗೆ ಬರುವ ತನಕ ಇಲ್ಲಿಂದ ಕದಲುವುದಿಲ್ಲ.