ಧೂಳಲ್ಲ, ಕ್ಲೋರಿನ್

ಫೆಬ್ರವರಿ 14, 2016. ಭಾನುವಾರ. ವಾದಿ ಅದಾಯ್.

ಡ್ಯೂಟಿ ಮುಗಿಸಿ ಬಂದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಅನ್ನಕ್ಕಿಟ್ಟೆ — ಮರೆತು ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದ್ದೆ. ರೂಮ್‌ಮೇಟ್ ಕಿಶನ್ ಗಲ್ಫ್ ಬಿಟ್ಟು ಮೈಸೂರಿಗೆ ಹೋಗಿ ತಿಂಗಳಾಯಿತು. ಕಾಸ್ಟ್ ಕಟಿಂಗ್ ಅಂತೆ. ಎಣ್ಣೆ ರೇಟು ಬಿದ್ದಿದೆ, ಎಲ್ಲ ಕಂಪನಿಯಲ್ಲೂ ಅದೇ ಮಾತು, ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಅವನನ್ನು ಕಳಿಸಿದ್ದು ಪ್ಲಾಂಟಿನಲ್ಲಿ ಗ್ಯಾಸ್ ಲೀಕ್ ಆದ ಮೇಲೆ.

ಫೆಬ್ರವರಿ 19. ಶುಕ್ರವಾರ.

ರಜೆ. ಬಾತ್‌ರೂಮಿಗೆ ಬ್ಲೀಚ್ ಹಾಕಿದೆ. ಎದೆ ಹಿಡಿದುಕೊಂಡಿತು. ಹೊರಗೆ ಓಡಿ ಗೋಡೆಗೆ ಒರಗಿದೆ. ಮತ್ತೆ ಅದೇ ಕಣ್ಣೆದುರು… ಪ್ಲಾಂಟಿನ ಕ್ಲೋರಿನ್ ರೂಮು, ವಾಲ್ವ್ ಬಿಟ್ಟುಕೊಂಡ ಸಿಲಿಂಡರ್, ಹಳದಿ-ಹಸಿರು ಹೊಗೆ, ಒಳಗೆ ಕಿಶನ್. ಕಾಲರ್ ಹಿಡಿದು ಎಳೆದು ತಂದೆ. ಮ್ಯಾನೇಜರ್ ಅಂದದ್ದು ಇಷ್ಟೇ: "ಸ್ವಲ್ಪ ಸ್ಮೆಲ್ ಬಂತು. ಹೊರಗೆ ಮಾತಾಡಬೇಡಿ." ಮಾತಾಡಲಿಲ್ಲ. ಮಾತಾಡಲು ಈ ಮನೆಯಲ್ಲಿ ಯಾರಿದ್ದಾರೆ.

ಮಾರ್ಚ್ 3. ಗುರುವಾರ.

ಫೋನ್. ಗುರುತಿಲ್ಲದ ದನಿ.

"ಸಾರ್, ನಾನು ಹಿತಾ, ಕಿಶನ್ ಹೆಂಡ್ತಿ. ನಿಮ್ಮನ್ನ ಅಣ್ಣ ಅಂತಾರಲ್ಲ, ಅದಕ್ಕೇ ಧೈರ್ಯ ಮಾಡ್ದೆ. ಇವ್ರಿಗೆ ಮಲಗೋಕೇ ಆಗ್ತಿಲ್ಲ, ಕೂತ್ಕೊಂಡೇ ನಿದ್ದೆ. ಡಾಕ್ಟರ್ ಹತ್ರ ಇವ್ರೇ ಮರುಭೂಮಿ ಧೂಳು ಅಂದಿದ್ದಾರೆ. ಧೂಳೇನಾ ಸಾರ್?"

"ವಿಚಾರಿಸಿ ಹೇಳ್ತೇನಮ್ಮ" ಎಂದೆ. ವಿಚಾರಿಸುವುದೇನಿತ್ತು!

ಮಾರ್ಚ್ 4. ಶುಕ್ರವಾರ.

ಕಿಶನ್‌ಗೆ ಫೋನ್ ಮಾಡಿ, ಹಿತಾಳಿಗೆ ನಿಜ ಹೇಳಲೇ ಎಂದು ಕೇಳಿದೆ. ಒಂದು ವಾಕ್ಯಕ್ಕೆ ಹಲವು ಸಲ ಉಸಿರು ತೆಗೆದುಕೊಳ್ಳುತ್ತಾನೆ.

"ಹೇಳ್ಬೇಡಿ ಅಣ್ಣ… ಎಣ್ಣೆ ರೇಟು ಏರಿದ್ಮೇಲೆ ವಾಪಸ್ ಕರೀತೀವಿ ಅಂದಿದ್ದಾರೆ ಕಂಪನಿಯವ್ರು… ಸುಮ್ನಿದ್ರೆ."

"ಡಾಕ್ಟರಿಗಾದ್ರೂ ಹೇಳು ಮಾರಾಯ."

"ಲಂಗ್ಸ್ ಹೋಗಿದೆ ಅಂತ ಗೊತ್ತಾದ್ರೆ… ಮೆಡಿಕಲ್ ಪಾಸ್ ಆಗುತ್ತಾ? ನಿಮ್ಮ ಕೆಲ್ಸಾನೂ ಹೋಗುತ್ತೆ."

ನನ್ನ ಕೆಲಸದ ಮಾತೆತ್ತಿದ್ದೇ ತಡ, ನಾನು ಸುಮ್ಮನಾದೆ. ನಾಚಿಕೆಯಾಯಿತು. ಆದರೂ ಸುಮ್ಮನಾದೆ.

ಮಾರ್ಚ್ 17. ಗುರುವಾರ.

ಕೆಳಗೆ ಮಮ್ಮದ್ ಬ್ಯಾರಿಯ ಕೆಫೆಟೇರಿಯದಲ್ಲಿ ಕೂತಿದ್ದಾಗ ಹಿತಾಳ ಮೆಸೇಜ್. ಅಡ್ಮಿಟ್ ಮಾಡಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ. ಕೂಡಲೇ ಫೋನ್ ಮಾಡಿದೆ.

"ಧೂಳಲ್ಲಮ್ಮ. ಕ್ಲೋರಿನ್ ಗ್ಯಾಸ್. ನಾನೂ ಅಲ್ಲೇ ಇದ್ದೆ. ಡಾಕ್ಟರಿಗೆ ಈಗಲೇ ಹೇಳು, ನನ್ನ ಹೆಸರೂ ಹೇಳು."

ಆ ಕಡೆ ಅಳು. ಆಮೇಲೆ ಓಡುವ ಸದ್ದು.

ಮಮ್ಮದ್ ಕೇಳಿಸಿಕೊಂಡಿದ್ದರು. ಚಾ ಬದಲಿಸಿ ಕೊಟ್ಟರು. "ಪ್ರೇಮನಾಥಣ್ಣ, ನಿಮ್ಮ ಕೆಮ್ಮು ಸಹ ಅದೇಯಾ?"

ಹೌದೆಂದು ತಲೆಯಾಡಿಸಿದೆ. ಇದುವರೆಗೆ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಮಾರ್ಚ್ 24. ಗುರುವಾರ.

ಮೈಸೂರಿನ ಡಾಕ್ಟರು ವಿವರ ಕೇಳಿ ಕಂಪನಿಗೆ ಮೇಲ್ ಮಾಡಿದ್ದಾರೆ. ಮ್ಯಾನೇಜರ್ ಕರೆಸಿದರು.

"ಯಾರು ಹೇಳಿದ್ದು?"

"ನಾನು."

ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಖಲಾಸ್, ಪ್ರೇಮನಾಥ್" ಎಂದರು. ನಾಳೆಯಿಂದ ಡ್ಯೂಟಿ ಇಲ್ಲ. ಹೆದರಿಕೆಯಾಗಬೇಕಿತ್ತು. ಹಸಿವಾಯಿತು.

ಮಾರ್ಚ್ 29. ಮಂಗಳವಾರ.

ಪ್ಯಾಕಿಂಗ್. ಒಂದು ಪೆಟ್ಟಿಗೆ ಕಟ್ಟುತ್ತೇನೆ, ಕೂರುತ್ತೇನೆ. ಹಿತಾ ಫೋನ್ ಮಾಡಿದ್ದಳು. ಔಷಧ ಬದಲಿಸಿದ್ದಾರೆ, ಆಕ್ಸಿಜನ್ ತೆಗೆದಿದ್ದಾರೆ, ಕಿಶನ್ ಮನೆಗೆ ಬಂದಿದ್ದಾನೆ. ಮೊದಲಿನಂತೆ ಆಗುವುದು ಕಷ್ಟವಂತೆ. "ನಿಮ್ಮ ಮೇಲೆ ಕೋಪ ಸಾರ್ ಅವ್ರಿಗೆ. ಹೆಸರೆತ್ತಿದ್ರೆ ಎದ್ದು ಹೋಗ್ತಾರೆ." ನಾನು ಫೋನ್ ಮಾಡಿದರೂ ಎತ್ತುವುದಿಲ್ಲ. ಇರಲಿ. ಎದ್ದು ಹೋಗುವಷ್ಟು ಶಕ್ತಿ ಬಂದಿದೆ.

ಮಾರ್ಚ್ 31. ಗುರುವಾರ, ಸಂಜೆ.

ನಾಳೆ ಫ್ಲೈಟ್. ಈಗಷ್ಟೇ ಕಿಶನ್ ಫೋನ್. ಉಸಿರಾಡುವುದು ಕೇಳುತ್ತಿತ್ತು. ಬೈಯುತ್ತಾನೆಂದು ಕಾದೆ.

"ಅಣ್ಣ… ನೀವು ತೋರಿಸಿದ್ರಾ, ಎದೆ?"

"ಇಲ್ಲ."

"ಸೀದಾ ಇಲ್ಲಿಗೇ ಬನ್ನಿ. ನಮ್ ಡಾಕ್ಟರ್ ಒಳ್ಳೆಯವ್ರು. ನಾನೇ… ಕರ್ಕೊಂಡು…" ಕೆಮ್ಮು ಹತ್ತಿತು. ಅದನ್ನು ಕೇಳಿ ನನಗೂ. ಇಬ್ಬರೂ ಫೋನ್ ಇಡಲಿಲ್ಲ. ಕೆಮ್ಮು ನಿಂತ ಮೇಲೆ, ಬರುತ್ತೇನೆ ಎಂದೆ. ಅವನು ಏನೋ ಹೇಳಹೊರಟ, ನಾನು ಮೊದಲು ಉಸಿರು ತೆಗೆದುಕೋ ಎಂದೆ.